ಮಾಣಿಕಪ್ಪನವರಿಗೆ ನಾನು ಮಾಡಿದ ಉಪಕಾರ

ಉಪಕಾರ ಮಾಡುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ದೃಢವಾಗಿ ನಂಬಿದ್ದೆ. ನನ್ನ ಹೆಂಡತಿ ಸುವರ್ಣಾಳ ಅಭಿಪ್ರಾಯ ಬೇರೆ ಇತ್ತು. ಆದರೆ ಮದುವೆಯಾದಂದಿನಿಂದಲೂ ಅವಳ ಅಭಿಪ್ರಾಯ ಬೇರೆಯೇ ಇರುವುದರಿಂದ ನಾನು ಅದನ್ನು ವಿಶೇಷವಾಗಿ ಗಮನಿಸಲಿಲ್ಲ.

ನಾನು ಉಪಕಾರ ಮಾಡಹೊರಟದ್ದು ಮಾಣಿಕಪ್ಪನವರಿಗೆ. ಬಸವಕಲ್ಯಾಣದ ಒಂದು ಸರ್ಕಾರಿ ಕಚೇರಿಯಲ್ಲಿ ಅವರೂ ನಾನೂ ಒಂದೇ ಕೋಣೆಯ ಗುಮಾಸ್ತರು. ಎರಡು ಮೇಜು, ಎರಡು ಖುರ್ಚಿ, ಒಂದು ಫ್ಯಾನು, ಒಂದು ಕಿಟಕಿ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ವರ್ಷಗಟ್ಟಲೆ ಎದುರುಬದುರು ಕೂತು, ಒಬ್ಬರು ಕೆಮ್ಮಿದರೆ ಇನ್ನೊಬ್ಬರು ತಲೆ ಎತ್ತದೆಯೇ ನೀರಿನ ಬಾಟಲಿ ಮುಂದಕ್ಕೆ ತಳ್ಳುವಷ್ಟು ರೂಢಿಯಾಗಿತ್ತು. ನನಗೆ ಕಾಮಣಿ ರೋಗ ಆಗಿ ನಾನು ಹಾಸಿಗೆ ಹಿಡಿದಾಗ ಎರಡೂ ಮೇಜಿನ ಕೆಲಸ ಅವರೊಬ್ಬರೇ ಮಾಡಿದ್ದರು. ವಾಪಸು ಬಂದಾಗ ನನ್ನ ಮೇಜಿನ ಮೇಲೆ ಒಂದೇ ಒಂದು ಕಡತ ಬಾಕಿ ಇರಲಿಲ್ಲ. ನಾನು ಧನ್ಯವಾದ ಹೇಳಲು ಗಂಟಲು ಸರಿಮಾಡಿಕೊಂಡೆ. ಅವರು ನೀರಿನ ಬಾಟಲಿ ಮುಂದಕ್ಕೆ ತಳ್ಳಿದರು. ಹೀಗೆ ಆ ಧನ್ಯವಾದ ನನ್ನೊಳಗೇ ಉಳಿದುಬಿಟ್ಟಿತು.

ಮಾಣಿಕಪ್ಪನವರ ಮನೆ ಹುಮನಾಬಾದಿನಲ್ಲಿ. ಹೆಂಡತಿ ತೀರಿಕೊಂಡಿದ್ದಾರೆ. ಒಬ್ಬಳೇ ಮಗಳನ್ನು ಲಾತೂರಿಗೆ ಕೊಟ್ಟಿದ್ದಾರೆ. ಬೆಳಿಗ್ಗೆ ಎದ್ದು ತಾವೇ ಅನ್ನ ಮಾಡಿಕೊಂಡು, ಡಬ್ಬಿ ಕಟ್ಟಿಕೊಂಡು, ಮೊದಲ ಬಸ್ಸು ಹಿಡಿದು ಬರುವರು. ಕಚೇರಿಗೆ ಎಲ್ಲರಿಗಿಂತ ಮೊದಲು ಬರುವವರು ಅವರು. ಎಲ್ಲರಿಗಿಂತ ಕೊನೆಗೆ ಬರುವವನು ನಾನು. ನನ್ನ ಮನೆ ಕಚೇರಿಯ ಹಿಂದಿನ ಓಣಿಯಲ್ಲೇ ಇದೆ, ಅದಕ್ಕೇ ತಡವಾಗುತ್ತದೆ.

ನಾನು ಕೋಣೆಯೊಳಗೆ ಕಾಲಿಡುತ್ತಲೇ ಅವರ ಬಸ್ಸಿನ ಪುರಾಣ ಶುರು.

"ಇವತ್ತೂ ಅರ್ಧ ದಾರಿ, ರಾಜೇಶ್ವರ ತನಕ ನಿಂತೇ ಬಂದೀನ್ರಿ ವೈಜಿನಾಥರ! ಒಬ್ಬಾಕಿ ಮುದುಕಿ ನನ್ನ ಕಾಲ ಮ್ಯಾಲೆ ತೊಗರಿ ಚೀಲ ಇಟ್ಟಾಳ. ತೆಗಿ ಆಯಿ ಅಂದ್ರ, 'ಇರ್ಲಿ ಬಿಡಪ್ಪಾ, ಕಾಲು ನಿಂದೇ ಅದ, ಎಲ್ಲಿ ಹೋಗತದ' ಅಂತಾಳ! ಈ ಬಸ್ಸಿನ ಸಲುವಾಗಿ ನನ್ನ ಜೀವ ಹೋಗತದ ನೋಡ್ರಿ!"

ದಿನವೂ ಒಂದು ಹೊಸ ಕಥೆ. ಕಂಡಕ್ಟರ್ ಚಿಲ್ಲರೆ ಕೊಡದೆ ತತ್ವ ಹೇಳಿದ್ದು, ಯಾರದೋ ಕೋಳಿ ಡ್ರೈವರನ ಹೆಗಲೇರಿದ್ದು, ಕಿಟಕಿಯ ಗಾಜು ಕೈಗೇ ಬಂದದ್ದು. ಅವರು ಹೇಳಿ ಮುಗಿಸುವ ಹೊತ್ತಿಗೆ ಅಟೆಂಡರ್ ರಸೂಲ್ ಚಹಾ ತಂದಿರುತ್ತಿದ್ದ. ಮಧ್ಯಾಹ್ನ ಇಬ್ಬರ ಡಬ್ಬಿಗಳೂ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ಅವರ ಅನ್ನ ಯಾವಾಗಲೂ ಮುದ್ದೆಯಾಗಿರುತ್ತಿತ್ತು. ಸುವರ್ಣಾ ಯಾರೂ ಹೇಳದೆಯೇ ಇಬ್ಬರಿಗಾಗುವಷ್ಟು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಳಿಸುತ್ತಿದ್ದಳು.

ಒಮ್ಮೆ ಮಳೆಗಾಲದಲ್ಲಿ ಅವರು ಅಂಗಿ ತೋಯಿಸಿಕೊಂಡು, ನಡುಗುತ್ತ ಬಂದರು. "ಈ ಬಸ್ಸಿನಾಗೇ ಒಂದಿನ ನನ್ನ ಪ್ರಾಣ ಹೋಗತದ್ರಿ" ಎಂದರು. ಇಂಥ ಗೆಳೆಯನಿಗೆ ನಾನು ಏನು ಮಾಡಿದ್ದೇನೆ? ಏನೂ ಇಲ್ಲ! ಆ ಕ್ಷಣದಲ್ಲೇ ನಾನು ತೀರ್ಮಾನಿಸಿದೆ: ಮಾಣಿಕಪ್ಪನವರನ್ನು ಅವರ ಊರಿಗೇ ವರ್ಗ ಮಾಡಿಸಬೇಕು. ಅದೂ ಅವರಿಗೆ ಗೊತ್ತಾಗದಂತೆ!

ರಾತ್ರಿ ಊಟಕ್ಕೆ ಕೂತಾಗ ಸುವರ್ಣಾಳಿಗೆ ಹೇಳಿದೆ.

"ಅವರನ್ನ ಒಂದು ಮಾತು ಕೇಳೀರೇನು?" ಎಂದಳು.

"ಕೇಳಿದ್ರ ಅದರಾಗ ಮಜಾ ಏನು ಉಳಿತದ?"

"ಮಜಾ ಯಾರಿಗ್ರಿ, ನಿಮಗೋ ಅವರಿಗೋ?"

ಹೆಂಗಸರಿಗೆ ಗೆಳೆತನದ ಆಳ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಮಜ್ಜಿಗೆ ಕುಡಿದೆ.

ವರ್ಗ ಮಾಡಿಸುವವರು ಯಾರು? ಸುವರ್ಣಾಳ ಸೋದರಮಾವ ಗುರುಲಿಂಗಪ್ಪನವರು ಮುಡಬಿಯಲ್ಲಿದ್ದಾರೆ. ಹಿಂದೊಮ್ಮೆ ಪಂಚಾಯ್ತಿ ಚುನಾವಣೆಗೆ ನಿಂತು ಸೋತವರು. ಸೋತರೂ ಬಿಳಿ ಬಟ್ಟೆ ಬಿಟ್ಟಿಲ್ಲ. ರಜೆಯ ದಿನ ಮುಡಬಿಯ ಆಟೋ ಹತ್ತಿದೆ. ಸೇರಿದ ಜನಕ್ಕೆ ಆಟೋ ಹಿಗ್ಗಬೇಕಿತ್ತು, ಹಿಗ್ಗಲಿಲ್ಲ. ನನ್ನ ತೊಡೆಯ ಮೇಲೆ ಒಬ್ಬ ಹಿರಿಯರು, ಅವರ ತೊಡೆಯ ಮೇಲೆ ಒಂದು ಹುಂಜ. ಮುಡಬಿ ಬರುವ ಹೊತ್ತಿಗೆ ಇಸ್ತ್ರಿ ಮಾಡಿದ ನನ್ನ ಅಂಗಿಯ ಮೇಲೆ ಹುಂಜ ತನ್ನ ಅಭಿಪ್ರಾಯವನ್ನು ದಾಖಲಿಸಿತ್ತು. ಸ್ನೇಹಕ್ಕಾಗಿ ಇದನ್ನೂ ಸಹಿಸಿದೆ.

ವಿಷಯ ಕೇಳಿ ಮಾವನ ಕಣ್ಣಲ್ಲಿ ನೀರು ಬಂತು. ಎಷ್ಟೋ ವರ್ಷಗಳಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲವಂತೆ!

"ಅಳಿಯಂದ್ರ, ನೀವು ಬಾಯಿ ಬಿಟ್ಟು ಕೇಳೀರಿ. ಕೆಲಸ ಆಗ್ಯಾದ ಅಂತ ತಿಳ್ಕೋರಿ. ಫಿಕರ್ ಮಾಡಬ್ಯಾಡ್ರಿ."

ಮಾವನ ಕೈಯಿಂದ ಅದುವರೆಗೆ ಒಂದು ಬೀದಿದೀಪವೂ ಆದದ್ದಿಲ್ಲ. ಆದ್ದರಿಂದ ನಾನು ನಿಜವಾಗಿಯೂ ಫಿಕರ್ ಮಾಡಲಿಲ್ಲ. ಆದರೆ ನನ್ನ ಹಣೆಬರಹ ನೋಡಿ, ಇದೊಂದು ಕೆಲಸ ಆಗಿಬಿಟ್ಟಿತು!

ಆದೇಶ ಬಂದ ದಿನ ನಾನು ಬೇಕೆಂದೇ ಬೇಗ ಹೋದೆ, ಮಾಣಿಕಪ್ಪನವರ ಮುಖ ಅರಳುವುದನ್ನು ನೋಡಲು. ಸಾಹೇಬರ ಕೋಣೆಯಿಂದ ಅವರು ಹಾಳೆ ಹಿಡಿದು ಬಂದರು. ಖುರ್ಚಿಯಲ್ಲಿ ಕೂತರು. ಅಂದು ಬಸ್ಸಿನ ಕಥೆಯೂ ಇಲ್ಲ.

"ನನ್ನ ಇಲ್ಲಿಂದ ತೆಗದು ಒಗದಾರ್ರಿ ವೈಜಿನಾಥರ."

"ನಿಮ್ಮ ಊರಿಗೇ ಅಲ್ರಿ ಮಾಣಿಕಪ್ಪಾರ?" ಎಂದೆ.

"ಊರು ಕಟ್ಟಿಕೊಂಡು ಏನ್ಮಾಡ್ಲಿ? ನಾ ಯಾರಿಗೆ ಏನು ಕೆಟ್ಟದ್ದು ಮಾಡಿದ್ದೆ? ಯಾವನೋ ನನ್ನ ಮ್ಯಾಲೆ ಕಣ್ಣಿಟ್ಟು ಇದನ್ನ ಮಾಡಿಸ್ಯಾನ. ಅವನ ಬಾಯಾಗ ಮಣ್ಣ ಬೀಳ್ಲಿ!"

ಇದೇ ಸರಿಯಾದ ಸಮಯವಾಗಿತ್ತು. ನಾನು ಎದ್ದು ನಿಂತು, "ಆ ಬಾಯಿ ನನ್ನದೇ" ಎನ್ನಬೇಕಿತ್ತು. ಆದರೆ ನನ್ನ ಬಾಯಿಂದ ಬಂದ ಮಾತೇ ಬೇರೆ.

"ಬೀಳ್ಲಿ ಬಿಡ್ರಿ" ಎಂದೆ!

ಅಲ್ಲಿಂದ ಅವರನ್ನು ಕಳಿಸಿಕೊಡುವ ದಿನದವರೆಗೆ ನನ್ನನ್ನು ನಾನೇ ಬೈಯುವುದು ನನ್ನ ದಿನನಿತ್ಯದ ಕರ್ತವ್ಯವಾಯಿತು. ಅವರು ಶುರು ಮಾಡುವರು, ನಾನು ಸೋಬಾನೆಯ ಸೊಲ್ಲಿನಂತೆ ಮುಗಿಸುವೆ. "ಅವನ ಮನಿ ಹಾಳಾಗ್ಲಿ" ಎಂದರೆ "ಆಗ್ಲಿ" ಎನ್ನುವೆ. ಹಿಂದಿನ ಓಣಿಯ ಆ ಮನೆಯಿಂದಲೇ ಬಂದ ರೊಟ್ಟಿ ಮುರಿದು ಇಬ್ಬರೂ ತಿನ್ನುವೆವು. ಅವರಿಗೆ ಮೊದಲು ರಸೂಲನ ಮೇಲೆ ಸಂಶಯ ಬಂತು. ಪಾಪ ರಸೂಲ್, ಅವನು ತಂದ ಚಹಾ ಮೇಜಿನ ಮೇಲೆ ಆರಿಹೋಗತೊಡಗಿತು. ಅವನನ್ನು ಉಳಿಸಲು ನಾನೊಂದು ಉಪಾಯ ಮಾಡಿದೆ. "ಚಿಟಗುಪ್ಪದಾವ ಯಾವನಾದ್ರೂ ನಿಮ್ಮ ಜಾಗಾದ ಮ್ಯಾಲೆ ಕಣ್ಣು ಹಾಕಿರಬೇಕ್ರಿ" ಎಂದೆ. ಚಿಟಗುಪ್ಪದಲ್ಲಿ ನನಗೆ ಯಾರ ಗುರುತೂ ಇಲ್ಲ, ಅದಕ್ಕೇ ಆ ಊರಿನ ಹೆಸರು ಹೇಳಿದೆ. ಮಾಣಿಕಪ್ಪನವರು ಚಿಟಗುಪ್ಪವನ್ನು ಇಡಿಯಾಗಿ ದ್ವೇಷಿಸತೊಡಗಿದರು. ಮರುದಿನ ಯಾವುದೋ ಕೆಲಸಕ್ಕೆ ಬಂದ ಒಬ್ಬ ಬಡಪಾಯಿ, ತನ್ನ ಮಾವನ ಮನೆ ಚಿಟಗುಪ್ಪದಲ್ಲಿದೆ ಎಂದು ಬಾಯಿತಪ್ಪಿ ಹೇಳಿ, ಅವರು ನೋಡಿದ ನೋಟಕ್ಕೆ ಹೆದರಿ, ಕೆಲಸ ಬಿಟ್ಟು ಚಪ್ಪಲಿ ಹುಡುಕಿದ.

ಬೀಳ್ಕೊಡುವ ದಿನ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ನನ್ನದೇ ಓಡಾಟ. ಮಾತಾಡುವ ಸರದಿಯೂ ನನ್ನದೇ. ಕಾಮಣಿಯಿಂದ ಹಿಡಿದು ನೀರಿನ ಬಾಟಲಿಯವರೆಗೆ ಎಲ್ಲ ಹೇಳಬೇಕು, ಒಳಗೇ ಉಳಿದ ಆ ಧನ್ಯವಾದವನ್ನು ಇಂದಾದರೂ ಹೊರಗೆ ಹಾಕಬೇಕು ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎದ್ದು ನಿಂತೆ. ಎದುರಿಗೆ ಮಾಣಿಕಪ್ಪನವರು ಹಾರದೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದರು.

"ಮಾಣಿಕಪ್ಪನವರು..." ಎಂದೆ. "ಬಹಳ... ಒಳ್ಳೆಯವರು" ಎಂದೆ. ಕೂತುಬಿಟ್ಟೆ!

ಅಷ್ಟರಲ್ಲಿ ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಬಾಗಿಲಲ್ಲಿ ಬಿಳಿ ಬಟ್ಟೆ ಕಾಣಿಸಿತು. ಮುಡಬಿಯ ಮಾವ! ಇಂಥ ದಿನ ಇಂಥ ಕಾರ್ಯಕ್ರಮ ಎಂದು ಸುವರ್ಣಾ ಫೋನಿನಲ್ಲಿ ಮಾತಿಗೆ ಮಾತು ಬಂದು ಹೇಳಿದ್ದಳಂತೆ. ಜೀವಮಾನದಲ್ಲಿ ಕೈಗೂಡಿದ ಏಕೈಕ ಕೆಲಸವನ್ನು ಕಣ್ಣಾರೆ ನೋಡಲು ಮಾವ ಬಂದಿದ್ದರು. ಸಾಹೇಬರಿಗೆ ಕೈ ಮುಗಿದು, ಯಾರೂ ಕೇಳುವ ಮೊದಲೇ ಮೈಕು ಹಿಡಿದರು. ನಾನು ಕಣ್ಣಿನಿಂದ, ಹುಬ್ಬಿನಿಂದ, ಎರಡೂ ಕೈಗಳಿಂದ ಬೇಡ ಬೇಡ ಎಂದು ಸನ್ನೆ ಮಾಡಿದೆ. ನಾನು ಸಂಕೋಚಪಡುತ್ತಿದ್ದೇನೆ ಎಂದು ತಿಳಿದು ಅವರಿಗೆ ಇನ್ನಷ್ಟು ಉಮೇದು ಬಂತು.

"ಈ ಕೆಲಸ ನಾ ಮಾಡಿಸೀನಿ ಖರೆ. ಆದ್ರ ಇದರ ಹಿಂದ ಇದ್ದವರು ನಮ್ಮ ಅಳಿಯಂದ್ರು, ವೈಜಿನಾಥರು! ಅವರು ಮುಡಬಿಗಿ ಬಂದು, 'ಮಾಣಿಕಪ್ಪಾರ್ನ ಇಲ್ಲಿಂದ ಕಳಿಸೂ ತನಕ ನನಗ ನಿದ್ದಿ ಬರಂಗಿಲ್ಲ' ಅಂದ್ರು. ಇಂಥಾ ದೋಸ್ತಿ ಎಲ್ಲಿ ಸಿಗತದ್ರಿ? ಚಪ್ಪಾಳಿ ಹೊಡೀರಿ!"

ರಸೂಲ್ ಒಬ್ಬನೇ ಜೋರಾಗಿ ಹೊಡೆದ. ಸಂಶಯ ಹೊತ್ತವನ ಕಷ್ಟ ಅವನಿಗೇ ಗೊತ್ತು.

ಮಾಣಿಕಪ್ಪನವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಎದ್ದು ಮಾವನಿಗೆ ಕೈ ಮುಗಿದು, "ಭಾಳ ಉಪಕಾರ ಆತ್ರಿ" ಎಂದರು. ಶಾಲನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಬಸ್ ನಿಲ್ದಾಣದವರೆಗೆ ನಾನು ಹಣ್ಣಿನ ಬುಟ್ಟಿ ಹೊತ್ತು ಹಿಂದೆ ಹಿಂದೆ ನಡೆದೆ. ಬಸ್ಸು ಹತ್ತುವಾಗ ಒಂದೇ ಮಾತು ಆಡಿದರು.

"ನಾ ಬಸ್ಸಿಗೆ ಬೈತಿದ್ದೆ ವೈಜಿನಾಥರ. ನಿಮಗ ಎಂದಾರ ಬೈದಿದ್ನೇನು?"

ಬಸ್ಸು ಹೋಯಿತು. ಬುಟ್ಟಿ ನನ್ನ ಕೈಯಲ್ಲೇ ಉಳಿದಿತ್ತು.

ಮರುದಿನ ನನ್ನ ಖುರ್ಚಿ ಅಲುಗಾಡತೊಡಗಿತು. ಈ ಕಡೆ ವಾಲಿದರೆ ಟಕ್, ಆ ಕಡೆ ವಾಲಿದರೆ ಟಕ್. ಇಷ್ಟು ವರ್ಷ ಕಲ್ಲಿನ ಹಾಗೆ ನಿಂತ ಖುರ್ಚಿ! ಕೂಡಲೇ ರಸೂಲನನ್ನು ಕರೆದು, "ಇದನ್ನ ಯಾರು ಮುರದಾರ?" ಎಂದು ಗದರಿಸಿದೆ.

"ಯಾರೂ ಮುರದಿಲ್ರಿ ಸಾಬ್. ಅದು ಮೊದಲಿನಿಂದ ಹಂಗೇ ಅದ, ಒಂದು ಕಾಲು ಗಿಡ್ಡ. ದಿನಾ ನಾ ಕಸ ಹೊಡದ ಮ್ಯಾಲೆ ಮಾಣಿಕಪ್ಪ ಸಾಬ್ ಕೆಳಗ ಕುಂತು ರಟ್ಟು ಮಡಚಿ ಇಡತಿದ್ರು. ನೀವು ಬರೂದ್ರಾಗ ಬರಾಬರ್ ಮಾಡತಿದ್ರು."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು ಸಾಬ್?"

ಆ ವಯಸ್ಸಿನಲ್ಲಿ, ಮಂಡಿನೋವಿನ ಮನುಷ್ಯ, ದಿನಾ ನನ್ನ ಖುರ್ಚಿಯ ಬುಡದಲ್ಲಿ ಕೂರುತ್ತಿದ್ದರು. ನಾನು ಬಂದು ಅದರ ಮೇಲೆ ಧೊಪ್ಪೆಂದು ಕೂತು, ಅವರಿಗೆ ಏನು ಉಪಕಾರ ಮಾಡಲಿ ಎಂದು ಯೋಚಿಸುತ್ತಿದ್ದೆ. ಅಂದು ನಾನೇ ರಟ್ಟು ಮಡಚಿ ಇಟ್ಟೆ. ಹೆಚ್ಚಾಯಿತು, ಇನ್ನೊಂದು ಕಾಲು ಗಿಡ್ಡವಾಯಿತು. ಅದಕ್ಕೂ ಇಟ್ಟೆ. ಖುರ್ಚಿ ಮುಂದಕ್ಕೆ ಬಾಗಿತು. ಮಧ್ಯಾಹ್ನದ ಹೊತ್ತಿಗೆ ನಾನು ಮೇಜಿನ ಮೇಲೆ ಮೂಗು ಊರಿಕೊಂಡು ಕೂತಿದ್ದೆ. ಡಬ್ಬಿ ಬಿಚ್ಚಿದರೆ ಇಬ್ಬರ ರೊಟ್ಟಿ. ಎದುರಿಗೆ ಖಾಲಿ ಖುರ್ಚಿ. ಕಿಟಕಿಯಾಚೆ ಗೋಡೆ ಇದೆ ಎಂಬುದು ನನಗೆ ಸರಿಯಾಗಿ ಕಂಡದ್ದೇ ಆವತ್ತು. ಉಳಿದ ರೊಟ್ಟಿ ಮನೆಗೆ ಒಯ್ದೆ. ಸುವರ್ಣಾ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗ ನನಗೆ ಹೆಚ್ಚು ಭಯ.

ಭಾನುವಾರ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋದೆ, ಕಾಲು ಹಿಡಿದಾದರೂ ಕ್ಷಮೆ ಕೇಳಲು. ಬಸ್ಸಿಳಿದರೆ ನಿಲ್ದಾಣದ ಕಟ್ಟೆಯ ಮೇಲೆ ಮಾಣಿಕಪ್ಪನವರೇ ಕೂತಿದ್ದಾರೆ! ತಲೆ ಬಾಚಿಕೊಂಡಿದ್ದಾರೆ, ಅಂಗಿ ತೊಟ್ಟಿದ್ದಾರೆ, ಕೈಯಲ್ಲಿ ಚೀಲ ಮಾತ್ರ ಇಲ್ಲ.

"ಎಲ್ಲಿಗಿ ಹೊಂಟೀರಿ ಮಾಣಿಕಪ್ಪಾರ?"

"ಎಲ್ಲಿಗೂ ಇಲ್ರಿ. ಎಚ್ಚರ ಆಗೇ ಬಿಡತದ. ಕಲ್ಯಾಣದ ಬಸ್ಸು ಬಿಡೂದು ನೋಡಿ ಮನಿಗೆ ಹೋಗತೀನಿ."

ಇಬ್ಬರೂ ಚಹಾ ಕುಡಿದೆವು. ನಾನು ಕ್ಷಮೆ ಕೇಳಲು ಗಂಟಲು ಸರಿಮಾಡಿಕೊಂಡೆ. ಅವರ ಕೈ ಅಭ್ಯಾಸಬಲದಿಂದ ನೀರಿನ ಬಾಟಲಿ ಹುಡುಕಿತು, ಸಿಗಲಿಲ್ಲ.

"ಊಟ ಹ್ಯಾಂಗ್ರಿ?" ಎಂದೆ.

"ಆಫೀಸು ಮನಿ ಬಾಜೂಕೇ ಅದಲ್ಲ, ಮಧ್ಯಾಹ್ನ ಮನಿಗೇ ಹೋಗಿ ಉಣ್ರಿ ಅಂತಾರ. ಹೋಗತೀನಿ. ಗ್ವಾಡಿ ನೋಡ್ಕೋತ ಉಣತೀನಿ. ಆಕಿ ಇದ್ದಾಗ ಅದು ಮನಿ ಇತ್ತು. ಆಕಿ ಹೋದ ಮ್ಯಾಲೆ ಮನಿ ಅಂದ್ರ ನಮ್ಮ ಆ ಕೋಣಿ ಆಗಿತ್ತು ನೋಡ್ರಿ."

ಅವರ ಕೈ ಹಿಡಿದು, "ಮಾಣಿಕಪ್ಪಾರ, ಇದನ್ನ ನಾನೇ ಸರಿ ಮಾಡತೀನಿ!" ಎಂದೆ.

ಅವರು ಗಾಬರಿಯಿಂದ ಚಹಾದ ಕಪ್ಪು ಕೆಳಗಿಟ್ಟರು. ನಾನು ಕಂಡಂತೆ ಆ ಮುಖದಲ್ಲಿ ಮೊದಲ ಸಲ ಭಯ ಮೂಡಿತು.

"ಬ್ಯಾಡ್ರಿ! ಕೈ ಮುಗಿತೀನಿ, ನೀವು ಏನೂ ಮಾಡಬ್ಯಾಡ್ರಿ. ಸುಮ್ಕ ಕುಂದರ್ರಿ."

ಇದು ಅವರ ದೊಡ್ಡತನ ಎಂದು ನಾನು ತಿಳಿದೆ. ಅಲ್ಲಿಂದ ಬಂದವನು ಮನೆಗೂ ಹೋಗದೆ ಸೀದಾ ಮುಡಬಿಯ ಆಟೋ ಹತ್ತಿದೆ.

"ಹೊಡದ ಕಲ್ಲು ವಾಪಸ್ ಬರತದೇನು ಅಳಿಯಂದ್ರ?" ಎಂದರು ಮಾವ. "ಅವರನ್ನ ಈಗಷ್ಟ ಕಳಿಸೀನಿ. ಮತ್ತ ಕರಸ್ರಿ ಅಂದ್ರ ನನ್ನ ಮರ್ಯಾದಿ ಏನು? ಬೇಕಾದ್ರ ನಿಮ್ಮನ್ನ ಅಲ್ಲಿಗಿ ಕಳಸತೀನಿ."

ನನಗೆ ರೋಮಾಂಚನವಾಯಿತು. ಹೌದಲ್ಲ! ಅವರು ಇಲ್ಲಿಗೆ ಬರದಿದ್ದರೇನು, ನಾನೇ ಅಲ್ಲಿಗೆ ಹೋಗಿ ಎದುರಿಗೆ ಕೂತರಾಯಿತು! ರೊಟ್ಟಿ ನಾನು ಒಯ್ಯುತ್ತೇನೆ. ಖುರ್ಚಿಗೆ ರಟ್ಟೂ ನಾನೇ ಇಡುತ್ತೇನೆ. ಸುವರ್ಣಾಳಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಈ ಸಲನಾರ ಅವರಿಗೆ ಒಂದು ಮಾತು ಹೇಳೀರೇನು?"

"ಹೇಳಿದ್ರ ಬ್ಯಾಡ ಅಂತಾರ."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಸ್ವಲ್ಪ ಜೋರಾಗಿಯೇ ಬಡಿದಳು.

ಹುಮನಾಬಾದಿನಲ್ಲಿ ಜಾಗ ಖಾಲಿ ಇಲ್ಲ ಎಂಬ ಉತ್ತರ ಬಂತು. ಮಾವ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮುಡಬಿಯ ದಾರಿಯಲ್ಲಿ ನಾನೂ ಆ ಹುಂಜವೂ ಒಬ್ಬರನ್ನೊಬ್ಬರು ಗುರುತು ಹಿಡಿಯುವಷ್ಟು ಸಲ ಓಡಾಡಿದೆ. ಒಂದು ದಿನ ಮಾವ ಫೋನು ಮಾಡಿ ಕೂಗಿದರು: "ಅಳಿಯಂದ್ರ, ನಿಮ್ಮ ನಸೀಬು ಭಾಳ ಛಲೋ ಅದ! ಹುಮನಾಬಾದನ್ಯಾಗ ಒಂದು ಖುರ್ಚಿ ಒಮ್ಮಿಂದೊಮ್ಮೆಲೆ ಖಾಲಿ ಆಗ್ಯಾದ. ನಿಮ್ಮ ಹೆಸರು ಹಾಕಿಸಿಬಿಟ್ಟೀನಿ!"

ಅದು ಯಾರ ಖುರ್ಚಿ ಎಂದು ಮಾವ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಸೋಮವಾರ ಹೊಸ ಅಂಗಿ ತೊಟ್ಟು, ಇಬ್ಬರ ರೊಟ್ಟಿ ಕಟ್ಟಿಸಿಕೊಂಡು, ಬಸ್ಸಿನಲ್ಲಿ ರಾಜೇಶ್ವರದವರೆಗೆ ನಿಂತೇ ಹೋದೆ. ನನ್ನ ಕಾಲಿನ ಮೇಲೆ ಯಾರೋ ಗೋಧಿಯ ಚೀಲ ಇಟ್ಟರು. ಮಾಣಿಕಪ್ಪನವರಿಗೆ ಹೇಳಲು ಒಂದು ಕಥೆ ಸಿಕ್ಕಿತಲ್ಲ ಎಂದು ಖುಷಿಯೇ ಆಯಿತು. ಹುಮನಾಬಾದಿನ ಕಚೇರಿಗೆ ಹೋಗಿ ಬಾಗಿಲಲ್ಲಿ ನಿಂತು, "ಮಾಣಿಕಪ್ಪಾರ!" ಎಂದು ಕೂಗಿದೆ.

ಒಳಗಿದ್ದ ಗುಮಾಸ್ತರೊಬ್ಬರು ತಲೆ ಎತ್ತಿ, "ಅವರು ಇವತ್ತೇ ಹೋದ್ರಲ್ರಿ, ಮುಂಜಾನಿ ಬಸ್ಸಿಗಿ. ಕಲ್ಯಾಣಕ್ಕ. ಸಾಹೇಬರ ಮುಂದ ಭಾಳ ಬೇಡ್ಕೊಂಡು ವಾಪಸ್ ಹಾಕಿಸಿಕೊಂಡಾರ. ನೀವು ಅವರ ಜಾಗಾಕ್ಕ ಬಂದವರೇನು? ಬರ್ರಿ, ಕುಂದರ್ರಿ" ಎಂದರು.

ನಾನು ಕುಂದರಲಿಲ್ಲ. ಗೋಡೆ ಹಿಡಿದುಕೊಂಡೆ.

ಮಧ್ಯಾಹ್ನ ಅವರದೇ ಫೋನು ಬಂತು. ಹಿಂದೆ ನಮ್ಮ ಫ್ಯಾನಿನ ಕಿರ್ ಕಿರ್ ಸದ್ದು ಕೇಳಿಸುತ್ತಿತ್ತು.

"ವಾಪಸ್ ಬರಾಕತ್ತೀನಿ ಅಂತ ನನಗ ಒಂದು ಮಾತು ಯಾಕ ಹೇಳಲಿಲ್ರಿ ಮಾಣಿಕಪ್ಪಾರ?" ಎಂದೆ. ಅಳು ಬಂದಿತ್ತು.

"ಹೇಳಿದ್ರ ನೀವು ಸಹಾಯ ಮಾಡತಿದ್ರಿ. ಅದಕ್ಕ ಹೆದರಿ ಹೇಳಲಿಲ್ಲ."

ಅವರೇ ಮುಂದುವರಿಸಿದರು.

"ಮುಂಜಾನೆ ನಿಮ್ಮ ಖುರ್ಚಿಗೆ ರಟ್ಟು ಇಟ್ಟೀನ್ರಿ. ನೀವು ಬರಂಗಿಲ್ಲ ಅಂತ ರಸೂಲ್ ಆಮ್ಯಾಲೆ ಹೇಳ್ದ. ಇರ್ಲಿ ಅಂತ ಹಂಗೇ ಬಿಟ್ಟೀನಿ. ನಾಳಿಗೂ ಇಡತೀನಿ. ಕಸ ಹೊಡದ ಮ್ಯಾಲೆ ಕೈ ತಾನೇ ಹೋಗತದ. ನೀವು ಉಂಡ್ರೇನು?"

ಉಣ್ಣಲು ಕೂತಿದ್ದೇನೆ ಎಂದೆ. ಅವರೂ ಡಬ್ಬಿ ಬಿಚ್ಚಿದ ಸದ್ದು ಕೇಳಿಸಿತು. ಕಿವಿಗೆ ಫೋನು ಹಿಡಿದುಕೊಂಡೇ ಇಬ್ಬರೂ ಉಂಡೆವು. ಅವರ ಅನ್ನ ಇವತ್ತೂ ಮುದ್ದೆಯಾಗಿತ್ತಂತೆ. ನನ್ನ ಮುಂದೆ ಇಬ್ಬರ ರೊಟ್ಟಿ.

ಈಗ ದಿನಾ ಮುಂಜಾನೆ ರಾಜೇಶ್ವರದ ಹತ್ತಿರ ನಮ್ಮಿಬ್ಬರ ಬಸ್ಸುಗಳು ಎದುರಾಗುತ್ತವೆ. ಅವರು ಆ ಕಿಟಕಿಯಿಂದ ಕೈ ಹೊರಗೆ ಹಾಕುತ್ತಾರೆ, ನಾನು ಈ ಕಿಟಕಿಯಿಂದ. ಕಿಟಕಿಯ ಸೀಟು ಸಿಗದ ದಿನ ಅದೂ ಇಲ್ಲ. ಮಾವ ಮಾತ್ರ ಉತ್ಸಾಹ ಕಳೆದುಕೊಂಡಿಲ್ಲ. "ಇನ್ನೊಂದು ಸಲ ನೋಡೋಣೇನು ಅಳಿಯಂದ್ರ?" ಎಂದು ವಾರಕ್ಕೊಮ್ಮೆ ಕೇಳುತ್ತಾರೆ. ಹಿಂದೆಯೇ ಮಾಣಿಕಪ್ಪನವರ ಫೋನು ಬರುತ್ತದೆ: "ನೀವು ಏನೂ ಮಾಡಬ್ಯಾಡ್ರಿ, ಸುಮ್ಕ ಕುಂದರ್ರಿ."

ಈ ಸಲ ಅವರ ಮಾತು ಮೀರಿಲ್ಲ. ಹುಮನಾಬಾದಿನಲ್ಲಿ ಅವರು ಬಿಟ್ಟುಹೋದ ಖುರ್ಚಿಯಲ್ಲಿ ಸುಮ್ಮನೆ ಕೂತಿದ್ದೇನೆ. ಇದಕ್ಕೂ ಒಂದು ಕಾಲು ಗಿಡ್ಡ. ಇಲ್ಲಿ ನನಗಿಂತ ಮೊದಲು ಬರುವವರು ಯಾರೂ ಇಲ್ಲ.